ಲೇಸರು ಆರಿದ ಮೇಲೂ

ಬಸವಕಲ್ಯಾಣ
ಭಾನುವಾರ, ೯ ನವೆಂಬರ್ ೨೦೨೫

ಪ್ರೀತಿಯ ಅನ್ವರಿ,

ನಿನಗೆ ಸಲಾಂ, ಪುಟ್ಟ ಸಿಮ್ರಾನಳಿಗೆ ಮುತ್ತು. ನಮ್ಮ ಪಕ್ಕದ ಮನೆಯ ಮುನ್ನಿ ಬೀ ಖಾಲಾ ನಾಳೆ ಹುಮನಾಬಾದಿಗೆ, ನಿನ್ನ ತವರಿಗೆ ಹೊರಟಿದ್ದಾರೆ. ಬಾಣಂತಿಗೆಂದು ಅವರು ಕಟ್ಟಿರುವ ಅಂಟಿನುಂಡೆಯ ಡಬ್ಬಿಯ ಜೊತೆ ಈ ಪತ್ರವನ್ನೂ ಕೊಡುತ್ತಿದ್ದೇನೆ.

ಫೋನು ಇರುವಾಗ ಪತ್ರವೇಕೆ ಎಂದು ನಗುತ್ತೀಯ. ಬುಧವಾರ ಫೋನಿನಲ್ಲಿ ನೀನು, "ನಮ್ಮ ಬೆಳಕು ಹ್ಯಾಂಗದ?" ಎಂದು ಕೇಳಿದೆ. ನಾನು, ಮಗುವಿನ ಮೂಗು ಯಾರ ಹಾಗಿದೆ ಎಂದು ಮಾತು ತಿರುಗಿಸಿದೆ. ನೀನು ಖುಷಿಯಿಂದ ನಿನ್ನ ಯಜಮಾನರು ಅಸದ್ ಅವರ ಮೂಗಿನ ಕಥೆ ಹೇಳುತ್ತ ಹೋದೆ. ಆ ಖುಷಿಯ ನಡುವೆ ಹೇಳಲು ನನಗೆ ಬಾಯಿ ಬರಲಿಲ್ಲ. ಈಗಲೂ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಹೈದರಾಬಾದಿನ ಸಮ್ಮೇಳನದಲ್ಲಿ ನಿನ್ನ ಬದಲು ನಾನು ಮಾತಾಡಬೇಕೆಂದು ನಮ್ಮ ಗೈಡ್ ಗೋವರ್ಧನ ಸರ್ ಹೇಳಿದರಲ್ಲ, ಅದಕ್ಕೆ ತಯಾರಿ ನಡೆಸಿದ್ದೆ. ಮೊದಲು ಅವ್ವನನ್ನೇ ಕೂರಿಸಿಕೊಂಡು ಹೇಳಿ ನೋಡಿದೆ. ಒಂದು ಎಲೆಕ್ಟ್ರಾನಿಕ್ ಚಿಪ್ಪಿನ ಮೇಲೆ ಸಾಸಿವೆಗಿಂತ ಸಣ್ಣ ಲೇಸರುಗಳು ಸಾಲುಸಾಲಾಗಿ ಇರುತ್ತವೆ, ಅದರೆದುರಿನ ಚಿಪ್ಪಿನ ಮೇಲೆ ಪ್ರತಿ ಲೇಸರಿಗೂ ಒಂದೊಂದು ಬೆಳಕು ಹಿಡಿಯುವ ಕಣ್ಣು ಇರುತ್ತದೆ, ಎಲ್ಲ ಲೇಸರುಗಳೂ ಒಂದೇ ಹೊತ್ತಿಗೆ ತಂತಮ್ಮ ಸುದ್ದಿಯನ್ನು ಬೆಳಕಿನಲ್ಲೇ ಆಚೆಗೆ ದಾಟಿಸುತ್ತವೆ ಎಂದೆ. ಅವ್ವ ಎಲ್ಲ ಕೇಳಿ, "ಮತ್ತ ವಾಯರಿಗೇನ್ ಧಾಡಿ ಆಗ್ಯಾದ?" ಎಂದಳು. ತಂತಿಗಳು ಹೆಚ್ಚಾದಷ್ಟೂ ಬಿಸಿಯಾಗುತ್ತವೆ, ಒಂದರ ಮಾತು ಇನ್ನೊಂದಕ್ಕೆ ಬೆರೆಯುತ್ತದೆ, ಬೆಳಕಿಗೆ ಆ ತೊಂದರೆ ಇಲ್ಲ ಎಂದೆ. "ಹಂಗಾದ್ರ ಛಲೋ ಆತು ಬಿಡು," ಎಂದು ಎದ್ದು ರೊಟ್ಟಿ ಬಡಿಯಲು ಹೋದಳು.

ಬೆಳಕಿಗೆ ಆ ತೊಂದರೆ ಇಲ್ಲ ಎಂದು ಅಷ್ಟು ಧೈರ್ಯವಾಗಿ ಹೇಳಿದೆ ನೋಡು.

ಹೋದ ವಾರ ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ನೀನು ಮಾಡಿದ ಪ್ರಯೋಗವನ್ನೇ ಮತ್ತೆ ಹಚ್ಚಿದ್ದೆ. ಎಲ್ಲ ಲೇಸರುಗಳೂ ಒಟ್ಟಿಗೆ ಉರಿಯುತ್ತಿದ್ದವು, ಪರದೆಯ ಮೇಲೆ ಲೇಸರಿಗೊಂದರಂತೆ ಎಲ್ಲ ಗೆರೆಗಳೂ ನೀನು ಅಂದು ತೆಗೆದ ಫೋಟೋದಲ್ಲಿದ್ದ ಹಾಗೆಯೇ ಕುಣಿಯುತ್ತಿದ್ದವು. ಅಷ್ಟರಲ್ಲಿ ಕರೆಂಟು ಹೋಯಿತು. ಕಂಪ್ಯೂಟರ್ ಮತ್ತು ಎರಡೂ ಚಿಪ್ಪು ಕೂತಿರುವ ಬೋರ್ಡು ಯುಪಿಎಸ್ ಮೇಲೆ ನಡೆಯುತ್ತವೆ. ಲೇಸರಿಗೆ ಕರೆಂಟು ಕೊಡುವ ಡಬ್ಬಿ ಮಾತ್ರ ಗೋಡೆಯ ಪ್ಲಗ್ಗಿಗೆ ಇದೆ. ಅದು ಆರಿತು. ಅಂದರೆ ಲೇಸರುಗಳು ಆರಿದವು.

ಪರದೆಯ ಗೆರೆಗಳು ಆರಲಿಲ್ಲ ಅನ್ವರಿ.

ಪರದೆ ಹಳೆಯ ಚಿತ್ರವನ್ನೇ ಹಿಡಿದು ನಿಂತಿದೆ ಎಂದುಕೊಂಡೆ. ಕಳಿಸುವ ಸಂಕೇತ ಬದಲಿಸಿದೆ. ಗೆರೆಗಳೂ ಬದಲಾದವು, ಅಂದರೆ ಬೆಳಕಿಲ್ಲದೆಯೂ ಸುದ್ದಿ ದಾಟುತ್ತಿತ್ತು. ಕರೆಂಟು ಬಂದ ಮೇಲೆ ಎರಡು ಚಿಪ್ಪಿನ ನಡುವೆ ಕಪ್ಪು ರಟ್ಟು ಇಳಿಬಿಟ್ಟೆ. ಕೆಲವು ಗೆರೆ ಸತ್ತವು, ಕೆಲವು ಏನೂ ಆಗದ ಹಾಗೆ ನಡೆದವು. ರಟ್ಟು ತೆಗೆದು ಮತ್ತೆ ಇಟ್ಟೆ. ಈ ಸಲ ಬೇರೆ ಗೆರೆಗಳು ಉಳಿದವು! ಕೇಬಲ್ಲನ್ನು ಚೂರು ಸರಿಸಿದರೆ ಒಂದು ಥರ, ಬೋರ್ಡಿನ ಮೇಲೆ ಕೈಯಿಟ್ಟರೆ ಇನ್ನೊಂದು ಥರ. ಯಾವುದು ಬೆಳಕು, ಯಾವುದು ಅಲ್ಲ? ಎಷ್ಟೋ ಹೊತ್ತು ನನಗೆ ತಲೆಬುಡ ತಿಳಿಯಲಿಲ್ಲ.

ಮರುದಿನ ಗೋವರ್ಧನ ಸರ್ ಬಂದು ಮೊದಲು ನನ್ನನ್ನೇ ಬೈದರು. "ನೀ ಏನರ ತಪ್ಪು ಜೋಡ್ಸಿರ್ಬೇಕ್ ನೋಡು ಧನಶ್ರೀ. ಆಕಿ ಇದ್ದಾಗ ಎಲ್ಲಾ ಸರಿ ಇತ್ತಲ್ಲ?" ಎಂದರು. ನಾನು ಅವರ ಕೈಯಿಂದಲೇ ಲೇಸರಿನ ಡಬ್ಬಿಯ ಬಟನ್ ಆಫ್ ಮಾಡಿಸಿದೆ. ಗೆರೆಗಳು ನಿಲ್ಲಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಎರಡೂ ಚಿಪ್ಪಿಗೆ ಕೆಳಗೆ ಒಂದೇ ತಾಮ್ರದ ಪಟ್ಟಿ ಅರ್ತಿಂಗಿಗೆ ಇದೆಯಲ್ಲ, ಸುದ್ದಿ ಅದರ ಮೂಲಕ ಸೋರಿ ಆಚೆ ದಾಟುತ್ತಿರಬೇಕು ಎಂದು ಅವರೇ ಹೇಳಿದರು. ನಾವು ಒಂದೊಂದೇ ಲೇಸರು ಆರಿಸಿ ಪರೀಕ್ಷೆ ಮಾಡಿದಾಗ ಆ ಸೋರಿಕೆ ಕಣ್ಣಿಗೆ ಬೀಳದಷ್ಟು ಸಣ್ಣದಿತ್ತು. ಎಲ್ಲ ಒಟ್ಟಿಗೆ ನಡೆದಾಗ ಅದು ಬೆಳಕಿನಷ್ಟೇ ದೊಡ್ಡದು. ಎಲ್ಲವನ್ನೂ ನಡೆಸಿ, ಲೇಸರುಗಳನ್ನು ಮಾತ್ರ ಆರಿಸಿ ನೋಡುವುದು ನಮಗೆ ಮೂವರಿಗೂ ಹೊಳೆಯಲೇ ಇಲ್ಲ.

ಆ ಪಟ್ಟಿಯನ್ನು ಕತ್ತರಿಸಿ ಬೇರೆಬೇರೆ ಮಾಡಿದೆ. ಸೋರಿಕೆ ನಿಂತಿತು. ಬೆಳಕು ದಾಟುತ್ತದೆ, ಅದು ಸುಳ್ಳಲ್ಲ. ಒಂದೊಂದಾಗಿ ಹಚ್ಚಿದರೆ ಎಲ್ಲ ಗೆರೆಯೂ ಸರಿ ಇದೆ. ಒಟ್ಟಿಗೆ ಹಚ್ಚಿದರೆ ಒಂದರ ಬೆಳಕು ಪಕ್ಕದ ಕಣ್ಣಿಗೂ ಬಿದ್ದು ಅರ್ಧಕ್ಕಿಂತ ಹೆಚ್ಚು ಗೆರೆಗಳಲ್ಲಿ ತಪ್ಪು ಬರುತ್ತಿದೆ. ನಮ್ಮ ಪ್ರಬಂಧದಲ್ಲಿ ನಾವು ಹೇಳಿದ್ದು ಎಲ್ಲವೂ ಒಟ್ಟಿಗೆ ದಾಟುತ್ತವೆ ಎಂಬುದನ್ನೇ ಅಲ್ಲವೇ? ನಿನ್ನ ಪಿಎಚ್‌ಡಿ ನಿಂತಿರುವುದೂ ಅದರ ಮೇಲೆಯೇ.

ಸರ್ ಅದನ್ನೆಲ್ಲ ತಾವೇ ಒಮ್ಮೆ ಹಚ್ಚಿ ನೋಡಿದರು. ಆಮೇಲೆ, "ಆಕಿ ಬಾಣಂತಿ ಅದಾಳ. ಈಗ ಯಾಕ ಹೇಳ್ತಿ? ಸಮ್ಮೇಳನ ಮುಗೀಲಿ, ಆಮ್ಯಾಲ ನೋಡೋಣು," ಎಂದರು. ನಾನು, "ಸುಳ್ಳು ಹ್ಯಾಂಗ ಓದಿ ಹೇಳ್ಲಿರಿ ಸರ್?" ಎಂದೆ. "ಸುಳ್ಳಂತ ಯಾರಂದ್ರು? ನೀ ನೋಡಿದ್ದ ಖರೇ ಅಂತ ಯಾರಂದ್ರು?" ಎಂದು ಎದ್ದು ಹೋದರು. ನಿನ್ನ ಮೇಲಿನ ಕಾಳಜಿಯಿಂದ ಹಾಗೆ ಹೇಳಿದರೋ, ಲ್ಯಾಬಿನ ಹೆಸರಿಗೆ ಹೆದರಿ ಹೇಳಿದರೋ ನನಗೆ ಗೊತ್ತಾಗಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಕ್ಕಿಲ್ಲ. ಮೆಟ್ಟಿಲು ಇಳಿಯುವಾಗ ಅವರು ಗೋಡೆ ಹಿಡಿದುಕೊಂಡದ್ದನ್ನು ನೋಡಿದೆ. ಎಂದೂ ಹಿಡಿದವರಲ್ಲ.

ಇನ್ನೊಂದು ಮಾತು ಬರೆಯದೆ ಇದ್ದರೆ ಈ ಪತ್ರ ಬರೆದದ್ದೇ ದಂಡ. ಕರೆಂಟು ಹೋದ ಆ ಗಳಿಗೆಯಲ್ಲಿ, ಕತ್ತಲಾದ ಕೋಣೆಯಲ್ಲಿ ಆ ಗೆರೆಗಳು ಕುಣಿಯುವುದನ್ನು ಕಂಡಾಗ, ಹೆದರಿಕೆಗೂ ಮೊದಲು ನನಗೆ ಒಂದು ಥರ ಖುಷಿಯಾಯಿತು. ನಾನು ಬೇಮಳಖೇಡಕ್ಕೆ ಮಾವನ ಮಗಳ ಮದುವೆಗೆ ಹೋದಾಗ ನೀನೊಬ್ಬಳೇ ಇದ್ದು ಆ ಫಲಿತಾಂಶ ತೆಗೆದೆ. ಮರಳಿ ಬಂದಾಗ ಲ್ಯಾಬಿನಲ್ಲಿ ಪೇಡೆ ಹಂಚುತ್ತಿದ್ದರು. ಎರಡು ವರ್ಷ ನಿನ್ನ ಪಕ್ಕದಲ್ಲೇ ಕೂತು ಎರಡು ಚಿಪ್ಪಿನ ನಡುವಿನ ಗಾಜಿನ ಮಸೂರಗಳನ್ನು ಕೂರಿಸಿದವಳು ನಾನು. ಆದರೂ ನಗುತ್ತಲೇ ಪೇಡೆ ತಿಂದೆ, ನಿನ್ನ ಹೆಸರು ಮೊದಲು ಇರಲಿ ಎಂದು ನಾನೇ ಹೇಳಿದೆ. ಹಾಗಾದರೆ ಈ ಖುಷಿ ಎಲ್ಲಿಂದ ಬಂತು? ಈಗ ನಾನು ನಿಜ ಹೇಳಬೇಕು ಎಂದು ಹಟ ಹಿಡಿದಿರುವುದು ನಿಜದ ಆಸೆಗೋ, ನಿನ್ನ ಪೇಡೆ ಕಸಿಯುವ ಆಸೆಗೋ? ದಿನವೂ ಯೋಚಿಸುತ್ತೇನೆ. ಬೆಳಿಗ್ಗೆ ಒಂದು ಉತ್ತರ ಬರುತ್ತದೆ, ಸಂಜೆ ಇನ್ನೊಂದು.

ಇಷ್ಟು ಮಾತ್ರ ಗೊತ್ತಿದೆ. ನೀನು ಸುಳ್ಳು ಮಾಡಲಿಲ್ಲ. ನೀನು ಕಂಡದ್ದನ್ನೇ ಬರೆದೆ. ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಬೋರ್ಡನ್ನು ಹೊಸದಾಗಿ ಮಾಡಬಹುದು, ಎರಡು ಚಿಪ್ಪಿಗೂ ಬೇರೆಬೇರೆ ಅರ್ತಿಂಗು ಕೊಟ್ಟು ಲೇಸರುಗಳನ್ನು ಇನ್ನಷ್ಟು ದೂರ ಕೂರಿಸಿದರೆ ಒಟ್ಟಿಗೂ ದಾಟೀತು ಎನಿಸುತ್ತದೆ. ಅದಕ್ಕೆ ಒಂದು ವರ್ಷ ಹಿಡಿಯಬಹುದು. ನಿನ್ನ ಮಡಿಲಲ್ಲಿ ಸಿಮ್ರಾನ್ ಇರುವಾಗ ಇನ್ನೊಂದು ವರ್ಷ ಎಂದು ನಿನಗೆ ಹೇಗೆ ಹೇಳಲಿ?

ಪ್ರಬಂಧ ಹಿಂದಕ್ಕೆ ತೆಗೆದುಕೊಳ್ಳೋಣವೇ, ಸರ್ ಹೇಳಿದಂತೆ ಕಾಯೋಣವೇ, ನೀನೇ ಹೇಳು. ಹೆಸರು ನಿನ್ನದು ಮೊದಲು, ಮಾತೂ ನಿನ್ನದೇ ಮೊದಲು. ನೀನು ಹೇಳಿದಂತೆ ಮಾಡುತ್ತೇನೆ. ಓದಿ ಕೂಡಲೇ ಸಿಟ್ಟಿಗೇಳಬೇಡ, ಎದೆಹಾಲಿಗೆ ಒಳ್ಳೆಯದಲ್ಲ ಎಂದು ಖಾಲಾ ಹೇಳುತ್ತಾರೆ. ತಣ್ಣೀರಿಗೆ ಕೈ ಹಾಕಬೇಡ. ನಿಮ್ಮ ಕಡೆ ಗಾಳಿಯಲ್ಲಿ ಕಾರ್ಖಾನೆಯ ವಾಸನೆ ಬಂದ ದಿನ ಮಗುವಿನ ಕೋಣೆಯ ಕಿಟಕಿ ಮುಚ್ಚಿಡು.

ಎಂದಿನ ಹಾಗೇ ನಿನ್ನ ಗೆಳತಿ, ನೀನು ಬೇಡವೆನ್ನುವ ತನಕ,
ಧನಶ್ರೀ

ಮರೆತ ಮಾತು: ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ನೀನು ಹೇಳಿದಂತೆ ಮಾಡುತ್ತೇನೆ ಎಂದು ಮೇಲೆ ಬರೆದೆ. ಆದರೆ ಶುಕ್ರವಾರವೇ ಸಮ್ಮೇಳನದವರಿಗೆ ಬರೆದುಬಿಟ್ಟೆ, ಫಲಿತಾಂಶ ಸರಿಯಿಲ್ಲ, ಪ್ರಬಂಧ ಹಿಂದಕ್ಕೆ ಕೊಡಿ ಎಂದು. ಇನ್ನೂ ಎರಡು ದಿನ ಕಾದಿದ್ದರೆ ನನ್ನ ಧೈರ್ಯ ಉಳಿಯುತ್ತಿರಲಿಲ್ಲ. ಮೊದಲ ಹೆಸರಿನವರ ಒಪ್ಪಿಗೆ ಇದೆಯೇ ಎಂದು ಅವರು ಕೇಳಿದರು. ಇದೆ ಎಂದು ಬರೆದೆ. ಈ ಇಡೀ ವ್ಯವಹಾರದಲ್ಲಿ ಗೊತ್ತಿದ್ದೂ ಹೇಳಿದ ಸುಳ್ಳು ಅದೊಂದೇ, ಅದನ್ನು ಹೇಳಿದವಳು ನಾನು. ಬರುವ ಬುಧವಾರ ಬಸ್ಸು ಹತ್ತಿ ನಿಮ್ಮ ಮನೆಗೆ ಬರುತ್ತೇನೆ. ಒಪ್ಪಿಗೆ ಇಲ್ಲ ಎಂದರೆ ನಿನ್ನೆದುರೇ ಕೂತು ಅವರಿಗೆ ಹಾಗೇ ಬರೆಯುತ್ತೇನೆ. ಮಗುವನ್ನು ಎತ್ತಿಕೊಳ್ಳಲು ಕೊಡುತ್ತೀಯೋ ಇಲ್ಲವೋ, ಅದನ್ನೂ ಅಂದೇ ಹೇಳು.