ಕುಂಕುಮದ ಅಕ್ಷರ, ಹಸಿರು ಪರದೆ

ಪುಣೆ, ಮಾರ್ಚ್ ೨೦೦೪

ಮಾನ್ಯ ಬಸ್ ನಿಲ್ದಾಣದ ವ್ಯವಸ್ಥಾಪಕರೇ,

ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸುವ ನಿಮ್ಮ ಹೊಸ ಪರದೆಯ ಮೇಲೆ ನನಗೆ ಏನೂ ಕಾಣುವುದಿಲ್ಲ. ಹಸಿರು ಹಿನ್ನೆಲೆಯ ಮೇಲೆ ಕೆಂಪು ಅಕ್ಷರಗಳಿವೆಯಂತೆ. ಕೆಂಪು, ಹಸಿರು ನನ್ನ ಕಣ್ಣಿಗೆ ಹುಟ್ಟಿದಂದಿನಿಂದ ಒಂದೇ. ಹಣ್ಣಾದ ಟೊಮೆಟೊ ಆರಿಸಲಿಕ್ಕೂ ಹೆಂಡತಿ ಸಾವಂತ್ರವ್ವ ಬೇಕು. ಇಷ್ಟು ದೊಡ್ಡ ಊರಿನಲ್ಲಿ ಇಂಥವನು ನಾನೊಬ್ಬನೇ ಇರಲಾರೆ. ಈ ಪತ್ರ ಕನ್ನಡದಲ್ಲಿದೆ, ನಿಮಗೆ ಓದಲಾಗದು. ಇರಲಿ, ನಿಮ್ಮ ಬೋರ್ಡು ನನಗೂ ಓದಲಾಗಲಿಲ್ಲ.

ಕಳೆದ ತಿಂಗಳು ಇಂದಾಪುರದಲ್ಲಿ ನನ್ನ ಅಕ್ಕ ಅವ್ವಮ್ಮ ತೀರಿಕೊಂಡಳು. ನಮ್ಮಲ್ಲಿ ಗಂಡನ ಮನೆಯಲ್ಲಿ ಸತ್ತ ಹೆಣ್ಣಿಗೆ ಕೊನೆಯ ಸೀರೆ ತವರಿನದು. ತವರೆಂದರೆ ಈಗ ನಾನೊಬ್ಬನೇ. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕೆಂದು ಅಕ್ಕನ ಮಗ ಕಾಡಪ್ಪ ಫೋನಿನಲ್ಲಿ ತಿಳಿಸಿದ್ದ. ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಬಂದು, ಇಂದಾಪುರದ ಬಸ್ಸು ಯಾವಾಗಲೂ ನಿಲ್ಲುವ ಕಡೆ ಕೂತೆ. ಅಂದು ಅದನ್ನು ಆಚೆ ತುದಿಗೆ ಹಾಕಿದ್ದರು. ಹಾಗೆಂದು ಪರದೆ ಹೇಳುತ್ತಿತ್ತು, ಪರದೆಯಷ್ಟೇ ಹೇಳುತ್ತಿತ್ತು. ಪಕ್ಕದವರು ಓದಿಕೊಂಡು ಎದ್ದುಹೋದರು. ಬೇರೆ ಊರಿಗೆ ಹೋಗುವವರೆಂದುಕೊಂಡೆ. ವಿಚಾರಣೆಯ ಕಿಟಕಿಯಲ್ಲಿ ಕೇಳಿದರೆ ನಿಮ್ಮ ಗುಮಾಸ್ತರು ತಲೆಯೆತ್ತದೆ, "ಬೋರ್ಡಾವರ ಆಹೆ, ಬಘಾ" ಎಂದರು, ಬೋರ್ಡಿನ ಮೇಲಿದೆ, ನೋಡಿ ಎಂದು. ನೋಡಿದೆ. ಖಾಲಿ ಪರದೆ. ಮತ್ತೆ ಬಂದು ಕೂತೆ.

ಆ ಬಸ್ಸು ಆಚೆ ತುದಿಯಿಂದಲೇ ಹೊರಟುಹೋಯಿತು. ಮುಂದಿನ ಬಸ್ಸಿನಲ್ಲಿ ಇಂದಾಪುರ ಮುಟ್ಟುವಾಗ ಕತ್ತಲಾಗಿತ್ತು. "ಭಾಳ ಹೊತ್ತು ಕಾದ್ವಿ ಮಾಮಾ. ಮನ್ಯಾಗಿನ ಸೀರೀನ ಹೊದಿಸಿದ್ವಿ," ಎಂದ ಕಾಡಪ್ಪ. ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಉಣ್ಣುತ್ತೇನೆ, ಆಫೀಸಿಗೆ ಹೋಗಿಬರುತ್ತೇನೆ, ಏನೂ ಅನ್ನಿಸುವುದಿಲ್ಲ.

ದೂರು ಕೊಡಲು ಬಂದಾಗ ತಾವು ಚಹಾ ತರಿಸಿ ವಿವರಿಸಿದಿರಿ. ಬಿಳಿಯ ಮೇಲೆ ಕಪ್ಪು ಅಕ್ಷರ ಹಾಕಬಹುದಿತ್ತಂತೆ. ಆದರೆ ಕಳೆದ ದಸರೆಯಂದು ಪೂಜೆ ಮಾಡಿ ಹಚ್ಚಿದ ಪರದೆಗೆ ಕಪ್ಪು ಅಶುಭ. ಕುಂಕುಮದ ಕೆಂಪು, ಬಳೆಯ ಹಸಿರು ಮುತ್ತೈದೆಯರ ಬಣ್ಣವಂತೆ. ಎಂಥ ದೂರಾಲೋಚನೆ. ತಮ್ಮ ಮನೆಗೆ ಬರುವ ದಿನಪತ್ರಿಕೆ ಯಾವ ಬಣ್ಣದ್ದು ಸ್ವಾಮಿ? ತಾವು ಸಹಿ ಹಾಕುವ ಆದೇಶಗಳನ್ನು ಕುಂಕುಮದಲ್ಲೇ ಬರೆಸುತ್ತೀರಾ? ನನ್ನ ಅಕ್ಕನೂ ಮುತ್ತೈದೆಯಾಗಿಯೇ ಹೋದಳು.

ನನಗೆ ಪರಿಹಾರ ಬೇಡ. ಬಿಳಿಯ ಮೇಲೆ ಕಪ್ಪು ಅಕ್ಷರ ಹಾಕಿಸಿ. ಅಲ್ಲಿಯವರೆಗೆ ಕಂಡಕ್ಟರುಗಳು ಮೊದಲಿನಂತೆ ಬಾಗಿಲಲ್ಲಿ ನಿಂತು ಊರಿನ ಹೆಸರು ಕೂಗಲಿ. ಇನ್ನೊಂದು ಮಾತು. ಆ ಸೀರೆ ನಮ್ಮ ಕಪಾಟಿನಲ್ಲಿದೆ. ಸತ್ತವಳಿಗೆಂದು ತಂದದ್ದನ್ನು ಸಾವಂತ್ರವ್ವ ಉಡುವಂತಿಲ್ಲ, ಅಂಗಡಿಗೆ ಮರಳಿಸುವಂತಿಲ್ಲ, ಯಾರಿಗೂ ಕೊಡುವಂತಿಲ್ಲ. ಅದನ್ನೇನು ಮಾಡಬೇಕೆಂದು ದಯವಿಟ್ಟು ತಿಳಿಸಿ.

ಇಂತಿ,
ಅಕ್ಕನಿಗೆ ಸೀರೆ ಮುಟ್ಟಿಸಲಾರದ ತಮ್ಮ
ಹೊಳಬಸಪ್ಪ