ಪುಂಜಾಲಕಟ್ಟೆಯ ತಿರುವಿನ ಲೆಕ್ಕ

ಶ್ರೀ ವೀತರಾಗಾಯ ನಮಃ

ಮೂಡಬಿದಿರೆ
೧೮–೧೧–೧೯೮೬

ಚಿ. ಸೌ. ತ್ರಿಶಲಾಳಿಗೆ,

ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತದ್ದು ತಪ್ಪೇ. ಆದರೆ ಬೈಯುವುದಾದರೆ ನಿನ್ನ ತಮ್ಮನನ್ನು ಬೈ. ಮನೆಯಲ್ಲಿ ಬರೆಯಲು ಜಾಗವೇ ಇಲ್ಲ. ಊಟದ ಮೇಜು, ಚಾವಡಿಯ ಮಂಚ, ನಿನ್ನ ಅಮ್ಮನ ಹೊಲಿಗೆ ಮಿಷನ್, ಎಲ್ಲದರ ಮೇಲೂ ಗ್ರಾಫ್ ಕಾಗದ ಹರಡಿದೆ. ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮಗುವಿಗೆ ಹಲ್ಲು ಬಂದದ್ದು ಓದಿ ಸಂತೋಷವಾಯಿತು.

ಮುಂದಿನ ತಿಂಗಳು ಕಾರು ರ‍್ಯಾಲಿ. ಹೋದ ಸಲ ಸಂಪತ್‌ಕುಮಾರ ಆ ಹಳೇ ಫಿಯೆಟ್ಟಿನಲ್ಲಿ ಓಡಿ, ಕೊನೆಯಿಂದ ಎಣಿಸಿದರೆ ಬೇಗ ಸಿಗುವ ಜಾಗದಲ್ಲಿ ಬಂದದ್ದು ನಿನಗೆ ಗೊತ್ತುಂಟು. ಈ ಸಲ ಗೆಲ್ಲಿಸಲಿಕ್ಕೆಂದು ಒಬ್ಬ ಮಹಾಪಂಡಿತನನ್ನು ಹಿಡಿದು ತಂದಿದ್ದಾನೆ. ಬೆಳ್ತಂಗಡಿ ಕಡೆಯ ಶ್ರೀಕೃಷ್ಣ, ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಲೆಕ್ಚರರ್. ಸೈಕಲ್ ತುಳಿಯಲು ಬಾರದ ಮನುಷ್ಯ ನಿನ್ನ ತಮ್ಮನಿಗೆ ಕಾರು ಬಿಡಲು ಕಲಿಸುತ್ತಾನೆ. ನಮ್ಮ ಜೈನರಲ್ಲಿ ಹೊತ್ತು ಮುಳುಗುವ ಮೊದಲು ಊಟವೆಂದು ಗೊತ್ತಿದ್ದೂ ಕತ್ತಲಾದ ಮೇಲೆ ಬಂದು, “ಏನಾದ್ರೂ ಉಂಟಾ ಮುನಿರಾಜಣ್ಣ?” ಎಂದು ಅಡುಗೆಮನೆಗೆ ಇಣುಕುತ್ತಾನೆ. ಹೊತ್ತು ನೋಡಲು ಬಾರದವನ ಕೈಯಲ್ಲಿ ಸ್ಟಾಪ್‌ವಾಚ್.

ಅವನ ವಿದ್ಯೆ ಇಷ್ಟೇ. ಬೆಳಗ್ಗೆ ಬಸ್ಸುಗಳು ಹೊರಡುವ ಮೊದಲು ಸಂಪತ್ ಬಂಟ್ವಾಳದಿಂದ ಬೆಳ್ತಂಗಡಿಗೆ ಕಾರು ಬಿಡಬೇಕು. ಒಂದೊಂದು ತಿರುವಿನಲ್ಲಿ ಒಬ್ಬೊಬ್ಬ ನಿಂತು, ಕಾರು ತಿರುವಿಗೆ ಬಂದದ್ದರಿಂದ ದಾಟುವವರೆಗಿನ ಹೊತ್ತು ಹಿಡಿದು ಬರೆಯಬೇಕು. ಆಮೇಲೆ ಈತ ಎಲ್ಲವನ್ನೂ ಕೂಡಿಸಿ, ಭಾಗಿಸಿ, ಗೀಟೆಳೆದು, ಎಲ್ಲಿ ಬ್ರೇಕು ಹೆಚ್ಚು, ಎಲ್ಲಿ ಧೈರ್ಯ ಕಡಿಮೆ ಎಂದು ಪ್ರವಚನ ಕೊಡುತ್ತಾನೆ. ಸರಾಸರಿಗೆ ಮೀನ್ ಅಂತೆ, ಅದರಿಂದ ತಪ್ಪಿದ್ದಕ್ಕೆ ಡೀವಿಯೇಷನ್ ಅಂತೆ. ನಾನೂ ಇಂಟರ್‌ಮೀಡಿಯೆಟ್‌ನಲ್ಲಿ ಲಾಜಿಕ್ ಓದಿದವನೇ. ಪ್ರೆಮಿಸ್ ಕೆಟ್ಟರೆ ಕನ್‌ಕ್ಲೂಷನ್ ಫಾಲಸಿ ಎಂದೋ ಏನೋ, ಬುಡ ಕೆಟ್ಟರೆ ತುದಿಯೂ ಕೆಟ್ಟಿತೆಂಬ ಒಂದು ಸೂತ್ರ ಇತ್ತು. ಅದರ ಲ್ಯಾಟಿನ್ ಹೆಸರು ಈಗ ನೆನಪಿಲ್ಲ, ಪರೀಕ್ಷೆಯ ದಿನವೂ ನೆನಪಿರಲಿಲ್ಲ.

ಹೋದ ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಬಿಚ್ಚಿ, “ಸಂಪತ್, ಎಲ್ಲಾ ತಿರುವಿನಲ್ಲೂ ನೀನು ಹೆದರ್ತೀ ಮಾರಾಯ. ಒಂದು ಕಡೆ ಬಿಟ್ಟು. ಪುಂಜಾಲಕಟ್ಟೆಯ ತಿರುವು ನೋಡು, ಎಷ್ಟು ಚಂದ ತೆಗೆದಿದ್ದೀ. ಆಕ್ಸಿಲರೇಟರಿನಿಂದ ಕಾಲು ಎತ್ತಲೇ ಇಲ್ಲ. ಉಳಿದದ್ದನ್ನೂ ಹಾಗೇ ತೆಗೆದ್ರೆ ರ‍್ಯಾಲಿಯ ಕಪ್ಪು ನಿನ್ನದು” ಎಂದ.

ಯಾವ ತಿರುವೆಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಎಂಟು ವರ್ಷದ ಹಿಂದೆ ನಿನ್ನ ಅಮ್ಮ ಬಸ್ಸಿಳಿದು ರಸ್ತೆ ದಾಟುವಾಗ ಲಾರಿ ಬಂದು ಅವಳು ಹೋದದ್ದು ಅಲ್ಲಿ. ಅಂದಿನಿಂದ ನಾನು ಸಂಪತ್ತನ ಪಕ್ಕ ಕೂತು ಆ ದಾರಿಯಲ್ಲಿ ಹೋದಾಗಲೆಲ್ಲ, ಆ ಜಾಗ ಬಂತೆಂದರೆ ಅವನ ಕಾಲು ತಾನಾಗಿ ಮೇಲೆ ಬರುತ್ತದೆ. ಕಾರು ನಡೆದ ಹಾಗೆ ಹೋಗುತ್ತದೆ. ನನ್ನ ಪುಷ್ಪಾವತಿಗೆ ನಾವು ಮಾಡುವ ಪೂಜೆ ಅದೊಂದೇ ಎಂದು ನಾನು ತಿಳಿದಿದ್ದೇನೆ. ಅದನ್ನು ಈ ಸೈಕಲ್ ಬಾರದವನು ಇಲ್ಲವೆನ್ನುತ್ತಾನೆ.

“ನಿಮ್ಮ ಲೆಕ್ಕ ನಾನ್‌ಸೆನ್ಸ್” ಎಂದೆ.

“ಲೆಕ್ಕ ನಂದಲ್ಲ, ವಾಚಿಂದು” ಎಂದ. ಸಂಪತ್ ತಲೆ ತಗ್ಗಿಸಿ ಗಂಜಿ ಉಣ್ಣುತ್ತಿದ್ದ.

ತಪ್ಪೆಲ್ಲಿ ಎಂದು ನನಗೆ ಕೂಡಲೇ ಹೊಳೆಯಿತು. ತಿರುವುಗಳಲ್ಲಿ ವಾಚು ಹಿಡಿಯಲು ಈ ಪಂಡಿತ ನಿಲ್ಲಿಸಿದ್ದು ಯಾರನ್ನು ಗೊತ್ತೇ? ನಮ್ಮ ಬಸ್ ಏಜೆಂಟರನ್ನು. ಬಸ್ಸು ಬಂದ ಹೊತ್ತು ಬರೆದು ಅಭ್ಯಾಸ ಉಂಟಲ್ಲ ಎಂದು. ಆ ಅಭ್ಯಾಸ ಎಂಥದ್ದೆಂದು ಊರಿಗೇ ಗೊತ್ತು, ಲೆಕ್ಚರರಿಗೆ ಗೊತ್ತಿಲ್ಲ. ತಡವಾಗಿ ಬಂದ ಬಸ್ಸಿಗೆ ದಂಡ ಬೀಳದಿರಲೆಂದು ಒಂದೆರಡು ನಿಮಿಷ ಹಿಂದೆ ಬರೆಯುವುದು ಅವರ ಧರ್ಮ. ಡ್ರೈವರ್ ಚಾ ಕುಡಿಸಿದರೆ ಇನ್ನೂ ಹಿಂದೆ. ಪುಂಜಾಲಕಟ್ಟೆಯಲ್ಲಿ ನಿಂತವನು ಹುಕ್ರಪ್ಪ, ಆ ಧರ್ಮದ ದೊಡ್ಡ ಗುರು. ಆ ಕೈ ಬರೆದ ಹೊತ್ತನ್ನು ಕೂಡಿಸಿ ಭಾಗಿಸಿದರೆ ಸತ್ಯ ಬರುತ್ತದೆಯೇ?

ಭಾನುವಾರ ಬಸ್ಸು ಹತ್ತಿ ಹೋಗಿ ಅವನನ್ನು ಹಿಡಿದೆ. ಎಲೆ ಅಡಿಕೆ ಉಗುಳಿ ನಕ್ಕ. “ಬಸ್ಸಿಗೆ ಒಂದೆರಡು ನಿಮಿಷ ತೆಗೆಯುವುದುಂಟು ಧನಿಗಳೇ, ಸುಳ್ಳು ಯಾಕೆ ಹೇಳ್ಲಿ. ಪಾಪ, ಡ್ರೈವರನ ಸಂಬಳದಿಂದ ಹಿಡಿತಾರೆ. ಸಂಪತಣ್ಣನಿಗೆ ದಂಡ ಹಾಕುವವರು ಯಾರು? ಇದ್ದದ್ದೇ ಬರೆದೆ.”

“ನಿಧಾನ ಮಾಡ್ಲಿಲ್ವಾ ಅವ?”

“ಎಂಥ ನಿಧಾನ? ಕಾರಿನ ಗಾಳಿಗೆ ನಾನು ಉಟ್ಟ ಮುಂಡು ಹಾರಿತು.”

ನಾನು ನಂಬಲಿಲ್ಲ. ಇಷ್ಟು ವರ್ಷ ಹಿಂದೆ ಬರೆದ ಕೈ ಒಂದು ಬೆಳಗ್ಗೆ ನೆಟ್ಟಗಾಗುವುದಿಲ್ಲ. ಶ್ರೀಕೃಷ್ಣನಿಗೆ ಹಾಗೆಯೇ ಹೇಳಿದ್ದೇನೆ. ಹಾಳೆ ಮಡಚಿಕೊಂಡು ಹೋಗಿದ್ದಾನೆ, ಹೊತ್ತು ಮುಳುಗಿದ ಮೇಲೆ ಮತ್ತೆ ಬರುತ್ತಾನೆ.

ನಿಮ್ಮೆಲ್ಲರಿಗೂ ಒಳ್ಳೆಯದಾಗಲಿ. ಮಗುವನ್ನು ಚಳಿಗೆ ಹೊರಗೆ ಬಿಡಬೇಡ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು.

ಇತಿ ನಿನ್ನ ಅಪ್ಪ,
ಮುನಿರಾಜ

ತಾ.ಕ.: ಕಾಗದ ಅಂಟಿಸುವ ಮೊದಲು ಸಂಪತ್ತನನ್ನೇ ಕೇಳಿಬಿಟ್ಟೆ, ಹುಕ್ರಪ್ಪ ಬರೆದದ್ದು ಸರಿಯೇ ಎಂದು. ಕಾರಿನಡಿಯಿಂದ ಹೊರಗೆ ಬಂದು ಕೈ ಒರೆಸಿಕೊಂಡ. “ಸರಿ ಅಪ್ಪ” ಎಂದ. ಮತ್ತೆ ನನ್ನನ್ನು ಸಮಾಧಾನ ಮಾಡುವವನ ಹಾಗೆ, “ನೀವು ಪಕ್ಕದಲ್ಲಿ ಕೂತಿರುವಾಗ ಅಲ್ಲಿ ನಿಧಾನ ಮಾಡ್ತೇನಲ್ಲ” ಎಂದ. ನಾಳೆ ಬೆಳ್ತಂಗಡಿಯಲ್ಲಿ ಒಂದು ಮದುವೆ ಉಂಟು. ಬಂಟ್ವಾಳದ ಮೇಲಿಂದ, ಆ ತಿರುವಿನ ದಾರಿಯಲ್ಲೇ, ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಾನೆ. ನಾನು ಬಸ್ಸಿನಲ್ಲಿ ಹೋಗುತ್ತೇನೆ.