ಬರಬೇಡಿ ಅಂತ ಮೊದಲೇ ಹೇಳಿದ್ದರೆ

ಜಹೀರಾಬಾದ್
16 ಮಾರ್ಚ್ 2014, ಭಾನುವಾರ

ಅರ್ಪಿತಾಳ ಅಪ್ಪನವರಿಗೆ,

ನರ್ಮದಾ ಮಾಡುವ ನಮಸ್ಕಾರ. ಎರಡು ವರ್ಷದಿಂದ ತಾಂಡೂರಿನಲ್ಲಿ ಒಬ್ಬರೇ ಕೈ ಸುಟ್ಟುಕೊಂಡು ಅಡುಗೆ ಮಾಡಿಕೊಳ್ಳುತ್ತಿರುವವರನ್ನು ಕ್ಷೇಮವೇ ಎಂದು ಕೇಳಿದರೆ ಸಿಟ್ಟು ಬಂದೀತು, ಆದರೂ ಕೇಳುತ್ತೇನೆ. ಇಷ್ಟು ಹತ್ತಿರದ ಊರಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನಗಬೇಡಿ. ಫೋನು ಎತ್ತಿದರೆ ಎರಡನೇ ನಿಮಿಷಕ್ಕೆ ನಾನು ದನಿ ಏರಿಸುತ್ತೇನೆ, ಮೂರನೇ ನಿಮಿಷಕ್ಕೆ ನೀವು ಇಟ್ಟುಬಿಡುತ್ತೀರಿ. ಕಾಗದದಲ್ಲಿ ನಾನು ಕೂಗುವ ಹಾಗಿಲ್ಲ. ನೀವು ಇಟ್ಟರೂ ಮತ್ತೆ ಎತ್ತಿಕೊಂಡು ಓದಬಹುದು.

ನೀವು ಕಳಿಸಿದ ಲಕೋಟೆ ಬುಧವಾರ ಬಂತು. ಅದ್ಯಾವುದೋ ದ್ವೀಪದ ದೇಶವಂತೆ, ಅಲ್ಲೊಂದು ಮನೆ ಕೊಂಡರೆ ಮನೆಮಂದಿಗೆಲ್ಲ ಅಲ್ಲೇ ಇರಲು ಪರವಾನಗಿ ಕೊಡುತ್ತಾರಂತೆ. ಅದರ ಜೊತೆಗೆ ಮನೂರಿನ ಹೊಲ ಮಾರುವ ಕಾಗದವನ್ನೂ ಇಟ್ಟಿದ್ದೀರಿ. ಎರಡರಲ್ಲೂ ಪೆನ್ಸಿಲಿನಿಂದ ಗುರುತು ಮಾಡಿ ‘ಇಲ್ಲಿ ಸಹಿ’ ಎಂದು ಬರೆದಿದ್ದೀರಿ. ಏಳು ವರ್ಷದ ಹಿಂದೆ ಕೆನಡಾದ ಅರ್ಜಿಗೂ ಹೀಗೆಯೇ ಗುರುತು ಮಾಡಿದ್ದಿರಿ. ಆಗ ಓದದೆ ಸಹಿ ಮಾಡಿದೆ. ಈ ಸಲ ಎರಡು ಸಲ ಓದಿದೆ, ಸಹಿ ಮಾಡಲಿಲ್ಲ. ಮಾಡುವುದೂ ಇಲ್ಲ. ಯಾಕೆಂದು ಹೇಳುವುದಕ್ಕೇ ಈ ಕಾಗದ. ಸಿಟ್ಟು ಮಾಡಿಕೊಳ್ಳುವುದಾದರೆ ಪೂರ್ತಿ ಓದಿ ಮಾಡಿಕೊಳ್ಳಿ.

ಹೋದ ತಿಂಗಳು ತೆಲಂಗಾಣದ ಬಿಲ್ಲು ಪಾಸಾದ ದಿನ ಇಲ್ಲಿ ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಯವರೆಗೂ ಗುಲಾಲು. ಡೋಲಿನ ಸದ್ದಿನ ನಡುವೆ ನಿಮ್ಮ ಫೋನು ಬಂತು. ಒಂದು ಕಿವಿಗೆ ಬೆರಳಿಟ್ಟುಕೊಂಡು ಕೇಳಿದೆ. “ನರ್ಮದಾ, ಮುಚ್ಯಾರ. ಒಂದ್ ಮಾತು ಹೇಳಲಾರದ ಮುಚ್ಚಿಬಿಟ್ಟಾರ” ಅಂದಿರಿ. ಉದ್ಯಮದವರು ಬನ್ನಿ, ಬಂಡವಾಳದವರು ಬನ್ನಿ ಎಂದು ಕರೆದ ಕೆನಡಾ ದೇಶ ಸಾಲಿನಲ್ಲಿ ನಿಂತವರ ಅರ್ಜಿಗಳನ್ನೆಲ್ಲ ಒಟ್ಟಿಗೆ ಕಟ್ಟಿ ತಿರುಗಿ ಕಳಿಸುತ್ತದೆಯಂತೆ, ಕಟ್ಟಿದ ಫೀಸೂ ವಾಪಸ್ಸಂತೆ. ಆಮೇಲೆ ನೀವು ಅತ್ತಿರಿ. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ನಿಮ್ಮ ಅಳು ಕೇಳಿದ್ದು ಅದೇ ಮೊದಲು. ಆವತ್ತೇ ಬಸ್ಸು ಹತ್ತಿ ನಿಮ್ಮ ಹತ್ತಿರ ಬರಬೇಕಿತ್ತು, ಬರಲಿಲ್ಲ.

ಆ ಕೆನಡಾ ನಮ್ಮ ಮನೆಯಲ್ಲಿ ಏಳು ವರ್ಷ ಊಟ ಮಾಡಿತು ನೋಡಿ. ಅಡುಗೆಮನೆಯ ಗೋಡೆಗೆ ನಕಾಶೆ ಅಂಟಿಸಿದಿರಿ, ಅದರ ಮೇಲೆ ಒಗ್ಗರಣೆ ಸಿಡಿದು ಅರ್ಧ ದೇಶ ಹಳದಿಯಾಯಿತು. ಉಣ್ಣೆಯ ದಪ್ಪ ಕೋಟು ತಂದು, ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಪಡಸಾಲೆಯಲ್ಲಿ ನಡೆದು ತೋರಿಸಿದಿರಿ. ಅರ್ಪಿತಾ ನಕ್ಕು ನಕ್ಕು ನೆಲಕ್ಕೆ ಬಿದ್ದಳು. ಬೆವರು ಒರೆಸಿಕೊಳ್ಳುತ್ತಲೇ ನೀವು ಅಲ್ಲಿ ಅಂಗಡಿ ಹಾಕುವ ಮಾತಾಡುತ್ತಿದ್ದಿರಿ. ನಮ್ಮ ತಾಂಡೂರಿನ ನೀಲಿ ಪರಸಿ ಕಲ್ಲನ್ನು ಅಲ್ಲಿಯ ಮನೆಗಳ ಅಂಗಳಕ್ಕೆ ಹಾಸುವುದು, ಮೂರು ವರ್ಷದೊಳಗೆ ಅಲ್ಲಿಯವನೊಬ್ಬನಿಗೆ ಕೆಲಸ ಕೊಡುವುದು. ಹಾಗೆ ಕೊಡಲೇಬೇಕೆಂದು ಕಾನೂನಂತೆ. ಆ ಕಾಣದ ಮನುಷ್ಯನಿಗೆ ಎಷ್ಟು ಪಗಾರ ಕೊಡಬೇಕು, ಊಟಕ್ಕೆ ನಮ್ಮ ಮನೆಗೇ ಕರೆಯಬೇಕೇ ಎಂದು ನಾವು ಮೂವರೂ ಎಷ್ಟು ಸಂಜೆ ಚರ್ಚೆ ಮಾಡಿದ್ದೇವೆ! ನಿಮ್ಮ ಮೇಲೆ ನನಗೆ ಎಷ್ಟು ಪ್ರೀತಿ ಬರುತ್ತಿತ್ತೆಂದು ಆಗ ಹೇಳಲಿಲ್ಲ, ಈಗ ಹೇಳುತ್ತೇನೆ.

ಆದರೆ ತಾಂಡೂರಿನ ನಿಮ್ಮ ಕಾರ್ಖಾನೆಯಲ್ಲಿ ಹದಿನೆಂಟು ಮಂದಿ ಕಣ್ಣಿಗೆ ಕಾಣುವವರೇ ಇದ್ದರು. ಪಾಲಿಶ್ ಮಶೀನು ಹಳೆಯದಾಯಿತು, ಹೊಸದು ತರೋಣ ಎಂದು ಅವರು ಕೇಳಿದಾಗಲೆಲ್ಲ, ಹೇಗೂ ಹೋಗುವವರು ಈಗ್ಯಾಕೆ ಅಂದಿರಿ. ಮನೆಗೆ ಸುಣ್ಣ ಹೊಡೆಸಲಿಲ್ಲ, ಹೇಗೂ ಹೋಗುವವರು. ಅರ್ಪಿತಾ ಸಂಗೀತ ಕಲಿಯುತ್ತೇನೆಂದು ಗಂಟುಬಿದ್ದಳು, ಅದಕ್ಕೂ ಅದೇ ಮಾತು. ಅವಳಿಗೀಗ ಹತ್ತೊಂಬತ್ತು. ಮೊನ್ನೆ ನಕಾಶೆ ಕೀಳುತ್ತ, ಅಮ್ಮಾ, ನಾವು ಇಷ್ಟು ದಿನ ಎಲ್ಲಿದ್ದೆವು ಎಂದು ಕೇಳಿದಳು.

ಈಗ ಮನೂರಿನ ಹೊಲದ ಮಾತು. ಅದು ನನ್ನ ಅಪ್ಪ ನನಗೆ ಅರಿಶಿಣ ಕುಂಕುಮಕ್ಕೆಂದು ಕೊಟ್ಟದ್ದು. ಆಸ್ತಿ ತೋರಿಸಬೇಕೆಂದು ನೀವು ಕೇಳಿದಾಗ ಇಬ್ಬರ ಹೆಸರಿಗೂ ಮಾಡಿದೆ, ಅದಕ್ಕೆ ಬೇಸರವಿಲ್ಲ. ಬೆಲೆ ಕಟ್ಟುವವರು ಬಂದು ಫೋಟೋದಲ್ಲಿ ಗಡಿ ಸರಿಯಾಗಿ ಕಾಣಬೇಕು ಅಂದರು. ನೀವು ನಿಮ್ಮ ಕಾರ್ಖಾನೆಯ ಕಲ್ಲಿನ ಕಂಬಗಳನ್ನೇ ತಂದು ನೆಟ್ಟು ಸುತ್ತಲೂ ಮುಳ್ಳುತಂತಿ ಎಳೆಸಿದಿರಿ, ಗೇಟಿಗೆ ಬೀಗ ಹಾಕಿದಿರಿ. ಫೋಟೋ ಚೆನ್ನಾಗಿ ಬಂತು.

ಬೀರಣ್ಣ, ಮೋನಮ್ಮ ನಿಮಗೆ ನೆನಪಿರಬೇಕು. ಪ್ರತಿ ವರ್ಷ ಜೋಳದ ರಾಶಿ ಮುಗಿದ ಮೇಲೆ ತಮ್ಮ ಇನ್ನೂರು ಕುರಿ ಹೊಡೆದುಕೊಂಡು ಬಂದು ನಮ್ಮ ಹೊಲದಲ್ಲಿ ತರುಬುತ್ತಿದ್ದರು. ಕುರಿಗಳು ಹದಿನೈದು ದಿನ ಅಲ್ಲೇ ಮಲಗಿದರೆ ಹೊಲಕ್ಕೆ ಗೊಬ್ಬರ, ಪ್ರತಿಯಾಗಿ ನಾವು ಅವರಿಗೆ ಜೋಳ ಅಳೆದು ಕೊಡುತ್ತಿದ್ದೆವು. ನನ್ನ ಅಜ್ಜನ ಕಾಲದಲ್ಲಿ ಬೀರಣ್ಣನ ಅಜ್ಜ ಬರುತ್ತಿದ್ದ. ಬನ್ನಿ ಎಂದು ಕರೆಯುವ ಪದ್ಧತಿ ಇರಲಿಲ್ಲ. ಬರಬೇಡಿ ಎನ್ನುವುದಿದ್ದರೆ ಮಾತ್ರ ಸಂಕ್ರಾಂತಿಯೊಳಗೆ ಮನೂರಿನ ಆಟೋದವರ ಕೈಲಿ ಸುದ್ದಿ ಮುಟ್ಟಿಸಬೇಕು, ಅವರು ಬೇರೆ ಹೊಲ ನೋಡಿಕೊಳ್ಳುತ್ತಾರೆ. ಬೇಲಿ ಹಾಕಿದ ವರ್ಷ ಸುದ್ದಿ ಮುಟ್ಟಿಸುವ ಕೆಲಸ ನನ್ನದಾಗಿತ್ತು. ನಾಳೆ ನಾಳೆ ಎಂದು ಬಿಟ್ಟೆ. ಮುಖ ಕೆಡಿಸಿಕೊಳ್ಳುವ ಮಾತು ಬಂದಾಗ ನನ್ನ ನಾಲಿಗೆ ಹೊರಳುವುದಿಲ್ಲ, ನಿಮಗೆ ಗೊತ್ತಲ್ಲ.

ಅವರು ಬಂದ ದಿನ ನಾನು ಅಲ್ಲೇ ಇದ್ದೆ. ಬೀಗದ ಕೈ ನಿಮ್ಮ ಹತ್ತಿರ ತಾಂಡೂರಿನಲ್ಲಿತ್ತು. ಕುರಿಗಳು ತಂತಿಗೆ ಮೂತಿ ಹಚ್ಚಿ ನಿಂತವು. ಮೋನಮ್ಮ ತಲೆಯ ಮೇಲಿನ ಗಂಟು ಇಳಿಸಲಿಲ್ಲ. ಬೀರಣ್ಣ ಒಂದು ಕಂಬ ಮುಟ್ಟಿ ನೋಡಿ, ಮೆಲ್ಲಗೆ ಅಂದ:

“ಬರಬ್ಯಾಡ್ರಿ ಅಂತ ಮೊದಲೇ ಒಂದ್ ಮಾತು ಹೇಳಿದ್ರ ಬ್ಯಾರೆ ಹಾದಿ ಹಿಡೀತಿದ್ವಿ ಅಕ್ಕಾರ. ಕುರಿಗೋಳು ನಡದು ದಣದಾವ.”

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ಮಂದೆ ತಿರುಗಿಸಿಕೊಂಡು ಹೋದರು. ಆಮೇಲೆ ಒಂದು ವರ್ಷವೂ ಅವರು ನಮ್ಮ ಕಡೆ ಬರಲಿಲ್ಲ. ಹೊಲವನ್ನು ಪಾಲಿಗೆ ಮಾಡುವ ಸಾಯಪ್ಪ ಬೇಕಾದಾಗ ನಿಮ್ಮಿಂದ ಬೀಗದ ಕೈ ತರಿಸಿಕೊಂಡು ಚೀಲಗಟ್ಟಲೆ ಸರಕಾರಿ ಗೊಬ್ಬರ ಸುರಿದರೂ ತೊಗರಿ ಮೊಣಕಾಲಿನ ಮೇಲೆ ಏಳುತ್ತಿಲ್ಲ.

ನೀವು ಫೋನಿನಲ್ಲಿ ಅತ್ತಾಗ ನನಗೆ ಬೀರಣ್ಣನ ಮುಖ ಕಂಡಿತು. ನಿಮ್ಮನ್ನು ಚುಚ್ಚಲು ಬರೆಯುತ್ತಿಲ್ಲ, ನನ್ನಾಣೆ. ಆ ದೇಶವೂ ನಮ್ಮ ಹಾಗೇ ಮಾಡಿತು ಎಂದು ಅನ್ನಿಸಿತು. ಬೇಕಾದಾಗ ಬನ್ನಿ ಅಂದಿತು. ಆಮೇಲೆ ಕೂತು ಯೋಚನೆ ಮಾಡಿತು: ಇವರು ದುಡ್ಡು ತರುತ್ತಾರೆ ಸರಿ, ಆದರೆ ನಿಲ್ಲುತ್ತಾರೆಯೇ, ನಮ್ಮ ನೆಲಕ್ಕೆ ಏನು ಬಿಡುತ್ತಾರೆ? ಹಾಗೆ ಕೇಳುವುದು ತಪ್ಪಲ್ಲ. ಬಾಗಿಲು ಅವರದು. ಆದರೆ ಹೊರಟು ದಾರಿಯಲ್ಲಿರುವವರನ್ನೂ ಹೊರಗೇ ನಿಲ್ಲಿಸಿದರಲ್ಲ, ಅದು ತಪ್ಪು. ನಾಳೆ ಈ ದ್ವೀಪದವರೂ ಅದನ್ನೇ ಕೇಳುತ್ತಾರೆ. ದುಡ್ಡು ತಂದವನು ಎಂದು ಕರೆದವರಿಗೆ ದುಡ್ಡು ಸಾಕಾದ ದಿನ ಆ ಮನುಷ್ಯನೂ ಸಾಕಾಗುತ್ತಾನೆ. ನಿಮಗೆ ಆಗ ಅರವತ್ತು ವರ್ಷವಾಗಿರುತ್ತದೆ. ಇನ್ನೊಂದು ಗೇಟಿನ ಮುಂದೆ ನಿಮ್ಮನ್ನು ನಿಲ್ಲಿಸಲು ನನ್ನ ಕೈಯಿಂದ ಸಹಿ ಆಗುವುದಿಲ್ಲ ರೀ.

ಹೋದ ಮಂಗಳವಾರ ನಾರಾಯಣಖೇಡದಲ್ಲಿ ಬೀರಣ್ಣ ಮೋನಮ್ಮ ಸಿಕ್ಕರು. ಮುಖ ತಿರುಗಿಸಿಕೊಳ್ಳುತ್ತಾರೇನೋ ಎಂದು ಅಂಜಿದ್ದೆ. ಮೋನಮ್ಮ ಬಂದು ಕೈ ಹಿಡಿದು, ಮಗಳು ಎಷ್ಟು ದೊಡ್ಡವಳಾದಳು ಎಂದು ಮೊದಲು ಕೇಳಿದಳು. ನಾನು ಅಲ್ಲೇ ಚಹದಂಗಡಿಯ ಮುಂದೆ ಅತ್ತುಬಿಟ್ಟೆ. ಆವತ್ತು ಸುದ್ದಿ ಮುಟ್ಟಿಸದೆ ಇದ್ದದ್ದು ನಾನು, ನಮ್ಮ ಮನೆಯವರಲ್ಲ ಎಂದು ಹೇಳಿದೆ. ಬೀರಣ್ಣ ಚಹ ಕುಡಿದು ಮುಗಿಸಿದ. ಆಮೇಲೆ “ತಂತಿ ತಗದ್ರ ಬರ್ತೀವ್ರಿ” ಅಂದ. ಬರುವ ಭಾನುವಾರ, 23ನೇ ತಾರೀಕು ಮಧ್ಯಾಹ್ನ ಹೊತ್ತಿಗೆ ಮನೂರಿಗೆ ಬರುತ್ತಾರೆ.

ಬೀಗದ ಕೈ ಇನ್ನೂ ನಿಮ್ಮಲ್ಲೇ ಇದೆ. ತಂತಿ ಬಿಚ್ಚುವ ಇಕ್ಕಳವೂ ಅಲ್ಲೇ ಇದೆ. ನಾನು, ಅರ್ಪಿತಾ ಬೆಳಿಗ್ಗೆ ಎಂಟಕ್ಕೆಲ್ಲ ಹೊಲದ ಗೇಟಿನ ಹತ್ತಿರ ಇರುತ್ತೇವೆ, ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬರುತ್ತೇನೆ. ನೀವು ಬನ್ನಿ. ತಂತಿ ಸುತ್ತಿಡೋಣ. ಕಂಬಗಳನ್ನು ಕಾರ್ಖಾನೆಗೆ ಒಯ್ಯಿರಿ, ಹೊಸ ಮಶೀನು ತಂದ ಮೇಲೆ ಪಾಲಿಶ್ ಹಾಕಿಸಿ ಮನೆಯ ಅಂಗಳಕ್ಕೇ ಹಾಸಿ. ನಿಮ್ಮ ಕಲ್ಲು ಇಷ್ಟು ಚೆಂದ, ನಮ್ಮ ಅಂಗಳ ಮಾತ್ರ ಇನ್ನೂ ಮಣ್ಣು. ನಿಮ್ಮ ಕೋಟನ್ನು ನಾನು ಬಿಸಾಡಿಲ್ಲ, ನುಸಿಗುಳಿಗೆ ಹಾಕಿ ಇಟ್ಟಿದ್ದೇನೆ.

ಎರಡು ವರ್ಷದ ಹಿಂದೆ ನೀವು ಮನೆ ಬಿಟ್ಟು ಹೋಗುವಾಗ, ನಿನಗೆ ಕೆನಡಾಕ್ಕೆ ಬರುವ ಮನಸ್ಸೇ ಇರಲಿಲ್ಲ ಎಂದು ಅಂದಿರಿ. ಇತ್ತು ಎಂದು ನಾನು ಗಂಟಲು ಹರಿದುಕೊಂಡೆ. ಅದು ಸುಳ್ಳು. ನನಗೆ ಮನಸ್ಸಿರಲಿಲ್ಲ. ನಾನು ಕಲಿಸುವ ಕನ್ನಡ ಶಾಲೆಯ ಮಕ್ಕಳು, ಈ ಮಾತು, ಈ ಬಿಸಿಲು ಬಿಟ್ಟು ನಾನು ಎಲ್ಲೂ ಬದುಕಲಾರೆ ಎಂದು ಮೊದಲ ದಿನವೇ ಹೇಳಬೇಕಿತ್ತು. ಕೋಟು ಹಾಕಿಕೊಂಡು ನಗುತ್ತಿದ್ದ ನಿಮ್ಮ ಮುಖ ನೋಡಿ ಹೇಳಲಾಗಲಿಲ್ಲ. ಇನ್ನೂ ಒಂದು ಮಾತಿದೆ. ಅದನ್ನು ಬರೆಯಲು ಕೈ ಓಡುತ್ತಿಲ್ಲ, ಕೊನೆಗೆ ಬರೆಯುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕಲ್ಲಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ನಿಮ್ಮ ಮೇಲೆ ಸಿಟ್ಟೂ ಇರುವ, ನಿಮ್ಮ ದಾರಿಯನ್ನೂ ನೋಡುವ
ನಿಮ್ಮ
ನರ್ಮದಾ

ತಾ.ಕ.: ಇದರ ಜೊತೆ ಒಂದು ಹಳೆಯ ಬಿಳಿ ಲಕೋಟೆ ಇಟ್ಟಿದ್ದೇನೆ. ಅದು 2011ರಲ್ಲಿ, ತೆಲಂಗಾಣಕ್ಕಾಗಿ ಎಲ್ಲರೂ ಮುಷ್ಕರ ಹೂಡಿದ್ದ ಸಕಲ ಜನುಲ ಸಮ್ಮೆಯ ದಿನಗಳಲ್ಲಿ ಕೆನಡಾದವರಿಂದ ಬಂದದ್ದು. ಬಸ್ಸಿರಲಿಲ್ಲ, ಶಾಲೆಯಿರಲಿಲ್ಲ, ನೀವು ತಾಂಡೂರಿನಲ್ಲೇ ಸಿಕ್ಕಿಕೊಂಡಿದ್ದಿರಿ. ಹೊಸ ಅರ್ಜಿ ನಿಲ್ಲಿಸಿದ್ದೇವೆ, ಹಳೆಯವುಗಳೂ ತಡವಾಗುತ್ತವೆ, ಕಾಯುವುದಾದರೆ ಹೊಸ ಕಾಗದಪತ್ರ ಕಳಿಸಿ, ಬೇಡವಾದರೆ ಫೀಸು ವಾಪಸ್ಸು ಪಡೆಯಿರಿ ಎಂದು ಅದರಲ್ಲಿ ಬರೆದಿದ್ದಾರೆ. ನಿಮಗೆ ಕೊಟ್ಟರೆ ಹೊಸ ಕಾಗದ ಕಳಿಸಿ ಹೊರಟೇಬಿಡುತ್ತೀರಿ ಎಂದು ಹೆದರಿ ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಇಟ್ಟೆ. ಒಂದು ಮಾತು ಹೇಳದೆ ಮುಚ್ಚಿದರು ಎಂದು ನೀವು ಅತ್ತಿರಲ್ಲ, ಅವರು ಹೇಳಿದ್ದರು. ಹೇಳದವಳು ನಾನು. ಇದನ್ನು ಓದಿದ ಮೇಲೆ ಭಾನುವಾರ ಬರುವುದು ಬಿಡುವುದು ನಿಮಗೆ ಬಿಟ್ಟದ್ದು. ಬರುವುದಿಲ್ಲವಾದರೆ ಮಾತ್ರ ಮೊದಲೇ ಒಂದು ಮಾತು ಹೇಳಿ.